ಮಾಘದಲ್ಲಿ ಮಲ್ಲಿಗೆಗೆ ನೀರು

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳು ಸಿಕ್ಕರೆ ನನ್ನ ಬಲಗಡೆಯ ಮೀಸೆ ಬೋಳಿಸಿ. ಎಡಗಡೆಯದನ್ನು ಇನ್ನೊಂದು ಕಥೆಗೆ ಆಗಲೇ ಪಣಕ್ಕಿಟ್ಟಿದ್ದೇನೆ.

ಈ ಕಥೆಯನ್ನು ನನ್ನಷ್ಟು ಸರಿಯಾಗಿ ಬಲ್ಲವರು ಸುತ್ತಿನ ಏಳು ಊರುಗಳಲ್ಲಿ ಇಲ್ಲ. ಎಂಟನೆಯ ಊರಿಗೆ ನಾನು ಹೋಗಿಲ್ಲ. ಅಲ್ಲಿಯೂ ಇರಲಾರರು.

ಕಪಿಲಾ ನದಿಯ ದಂಡೆಯಲ್ಲಿ ಒಂದು ಆಶ್ರಮ. ಗುರು ಅಡವಯ್ಯ. ಶಿಷ್ಯ ಹೊನ್ನಯ್ಯ. ಹಿಂದುಗಡೆ ಒಂದು ಮಲ್ಲಿಗೆ ತೋಟ.

ಹೊನ್ನಯ್ಯ ಒಳ್ಳೆಯವನೇ. ಅನುಮಾನ ಮಾತ್ರ ಜಾಸ್ತಿ. ಅದು ಎಷ್ಟು ದೊಡ್ಡದೆಂದರೆ, ಅವನು ಊಟಕ್ಕೆ ಕೂತಾಗ ಅದಕ್ಕೂ ಪಕ್ಕದಲ್ಲೊಂದು ಎಲೆ ಹಾಕಬೇಕಾಗುತ್ತಿತ್ತು. ಸಂಜೆ ಹೊತ್ತು ತನ್ನ ನೆರಳು ತನಗಿಂತ ಮುಂದೆ ಹೋದರೆ, “ಎಲ್ಲಿಗೆ ಹೊರಟೆ?” ಎಂದು ತಡೆದು ಕೇಳುತ್ತಿದ್ದ.

ಆ ಚಳಿಗಾಲದಲ್ಲಿ ಅಡವಯ್ಯ ಅವನನ್ನು ಅಡುಗೆಮನೆಯಿಂದ ಬಿಡಿಸಿ ತೋಟ ಒಪ್ಪಿಸಿದರು.

“ಮಾಘದಲ್ಲಿ ಮಲ್ಲಿಗೆಗೆ ನೀರು ಬೇಡ, ಹೊನ್ನಯ್ಯ,” ಎಂದರು. “ಒಣಗಲಿ.”

ಹೊನ್ನಯ್ಯ ಕೈ ಮುಗಿದು ಹೊರಗೆ ಬಂದ. ಜಗಲಿಯ ಮೇಲೆ ಕೂತು ಯೋಚಿಸಿದ.

ಗುರುಗಳು ಬರೀ ಗಿಡದ ಮಾತು ಆಡುತ್ತಾರೆಯೇ? ಇದರ ಹಿಂದೆ ಏನೋ ಇದೆ. ಮಲ್ಲಿಗೆ ಎಂದರೆ ಮನಸ್ಸು. ನೀರು ಎಂದರೆ ಆಸೆ. ಒಣಗಲಿ ಎಂದರೆ ವೈರಾಗ್ಯ.

ಹೀಗೆ ತೀರ್ಮಾನಿಸಿ, ಆಸೆಗಳನ್ನೆಲ್ಲ ಬಿಟ್ಟು, ಮಲ್ಲಿಗೆಗೆ ಧಾರಾಳವಾಗಿ ಕಾಲುವೆ ತಿರುಗಿಸಿದ.

ಅದೇ ವಾರ ಮರಿದೇವ ಎಂಬವನು ಬಂದ. ಹೆಗಲಿಗೊಂದು ಗಂಟು. ಮಾತು ಕಡಿಮೆ. ಮನೆಯವರನ್ನೆಲ್ಲ ಜ್ವರಕ್ಕೆ ಕಳೆದುಕೊಂಡವನು. ತಿರುಗಿ ಹೋದರೆ ತೆರೆಯುವ ಬಾಗಿಲು ಅವನ ಊರಿನಲ್ಲಿ ಒಂದೂ ಉಳಿದಿರಲಿಲ್ಲ.

ಆ ಆಶ್ರಮಕ್ಕೆ ಒಂದು ಕಟ್ಟಳೆಯಿತ್ತು. ಹೊಸಬನಾದವನು ಚಳಿಗಾಲ ಕಳೆಯಬೇಕು. ಮೊದಲ ಮಲ್ಲಿಗೆ ಅರಳಿದ ದಿನ ಅವನು ಶಿಷ್ಯನಾಗುತ್ತಾನೆ. ಅಷ್ಟರೊಳಗೆ, ಮೊದಲಿಂದ ಇದ್ದವರಲ್ಲಿ ಒಬ್ಬರು “ಬೇಡ” ಎಂದರೂ ಸಾಕು, ಗಂಟು ಎತ್ತಿಕೊಂಡು ಹೊರಡಬೇಕು.

ಯಾರೂ ಯಾವತ್ತೂ ಹಾಗೆ ಅಂದಿರಲಿಲ್ಲ.

ಮರಿದೇವ ಬಂದ ಮರುದಿನ ಕಾಲುವೆಯ ಬಾಯಿಗೆ ಯಾರೋ ಮಣ್ಣು ಮೆತ್ತಿದ್ದರು. ಹೊನ್ನಯ್ಯ ಮಣ್ಣು ತೆಗೆದ. ಬೆಳಗಾದರೆ ಮತ್ತೆ ಮಣ್ಣು. ಮತ್ತೆ ತೆಗೆದ. ಮತ್ತೆ ಮಣ್ಣು.

ಅವನು ಓಡಿಹೋಗಿ ಗುರುಗಳ ಮುಂದೆ ನಿಂತ.

“ಗುರುಗಳೇ, ತೋಟಕ್ಕೆ ಶತ್ರು ಬಂದಿದ್ದಾನೆ.”

“ಯಾರಪ್ಪಾ?”

“ಮರಿದೇವ.”

“ನೋಡಿದೆಯಾ?”

“ನೋಡುವುದೇನು? ಅವನು ಬಂದ ಮೇಲೇ ಇದು ಶುರುವಾದದ್ದು.”

“ನನ್ನ ನೆಗಡಿಯೂ ಅವನು ಬಂದ ಮೇಲೇ ಶುರುವಾದದ್ದು,” ಎಂದರು ಅಡವಯ್ಯ.

ಹೊನ್ನಯ್ಯ ಬೆಚ್ಚಿದ. ಅದು ಅವನಿಗೆ ಹೊಳೆದಿರಲಿಲ್ಲ.

ಅಂದಿನಿಂದ ಹುಲ್ಲಿನ ಬಣವೆಯ ಮರೆಯಲ್ಲಿ ಕೂತು ಮರಿದೇವನನ್ನು ಕಾಯತೊಡಗಿದ. ಮರಿದೇವ ಸೌದೆ ಒಡೆಯುತ್ತಿದ್ದ, ಹೊನ್ನಯ್ಯ ನೋಡುತ್ತಿದ್ದ. ಮರಿದೇವ ದನ ತೊಳೆಯುತ್ತಿದ್ದ, ಹೊನ್ನಯ್ಯ ನೋಡುತ್ತಿದ್ದ. ಕಣ್ಣು ಮಿಟುಕಿಸುವುದನ್ನೂ ಬಿಟ್ಟ. ರೆಪ್ಪೆಗಳ ನಡುವೆ ಜೇಡ ಬಲೆ ಕಟ್ಟಿತ್ತು. ನಾನೇನು ಕಂಡಿಲ್ಲವೇ!

ಅಷ್ಟು ಹೊತ್ತೂ ತೋಟ ಅವನ ಬೆನ್ನ ಹಿಂದಿತ್ತು.

ಒಂದು ದಿನ ತಿರುಗಿ ನೋಡಿದರೆ, ಮಲ್ಲಿಗೆ ಗಿಡಗಳಲ್ಲಿ ಎಲೆಯೇ ಇಲ್ಲ. ಬರೀ ಕಡ್ಡಿ. ಎಲೆಗಳೆಲ್ಲ ಬುಡದಲ್ಲಿ ಬಿದ್ದಿದ್ದವು.

“ಗುರುಗಳೇ! ಎಲೆಯೆಲ್ಲ ಕಿತ್ತಿದ್ದಾನೆ!”

“ನಾನು ಕಿತ್ತೆ,” ಎಂದರು ಅಡವಯ್ಯ.

ಹೊನ್ನಯ್ಯನ ಕಣ್ಣು ತುಂಬಿ ಬಂತು. ಎಂಥ ಕರುಣೆ! ಇನ್ನೊಬ್ಬನ ತಪ್ಪನ್ನು ತಮ್ಮ ತಲೆಯ ಮೇಲೆ ಹೊರುತ್ತಿದ್ದಾರೆ.

“ನನಗೆ ಅರ್ಥವಾಯಿತು ಗುರುಗಳೇ.”

“ಆಗಿಲ್ಲ.”

ಅದರಲ್ಲೂ ಏನೋ ಇದೆ ಎಂದುಕೊಂಡ ಹೊನ್ನಯ್ಯ. ಇಂಥ ದೊಡ್ಡ ಮನಸ್ಸಿನ ಗುರುಗಳಿಗೆ ಮೋಸ ಮಾಡುತ್ತಿರುವವನ ಮೇಲೆ ಅವನ ಸಿಟ್ಟು ಇಮ್ಮಡಿಯಾಯಿತು.

ಗುರುಗಳು ಆಚೆ ಹೋದದ್ದೇ ತಡ, ಸೌದೆ ಒಡೆಯುತ್ತಿದ್ದ ಮರಿದೇವನ ಎದುರು ಹೋಗಿ ನಿಂತ.

“ಏನಯ್ಯಾ, ನಿನ್ನ ಆ ಗಂಟಿನಲ್ಲಿ ಏನಿದೆ?”

“ಕಂಬಳಿ, ಅಣ್ಣ.”

“ಕಂಬಳಿಯಲ್ಲಿ?”

“ತೂತು.”

“ತೂತಿನಲ್ಲಿ?”

ಮರಿದೇವ ಸುಮ್ಮನಾದ. ಉತ್ತರ ಇಲ್ಲದವನು ಕಳ್ಳನಲ್ಲದೆ ಇನ್ನೇನು?

“ನನ್ನ ಒಪ್ಪಿಗೆ ಇಲ್ಲ,” ಎಂದ ಹೊನ್ನಯ್ಯ. “ನೀನು ಇಲ್ಲಿಗೆ ಬೇಡ. ಹೊರಡು.”

ಮರಿದೇವನ ಕೈಯಲ್ಲಿದ್ದ ಕೊಡಲಿ ಕೆಳಗಿಳಿಯಿತು.

“ನಾನೇನು ಮಾಡಿದೆ ಅಣ್ಣ?”

“ನಿನಗೇ ಗೊತ್ತು.”

“ಗೊತ್ತಿದ್ದರೆ ತಿದ್ದಿಕೊಳ್ಳುತ್ತಿದ್ದೆ.”

“ನೋಡು! ತಿದ್ದಿಕೊಳ್ಳುವಂಥದ್ದು ಇದೆ ಎಂದು ನಿನ್ನ ಬಾಯಲ್ಲೇ ಬಂತು.”

ಮರಿದೇವ ಕೊಡಲಿ ಮತ್ತೆ ಎತ್ತಿದ. ಎದುರಿಗಿದ್ದ ಒಂದು ತುಂಡನ್ನು ಒಡೆದು ಮುಗಿಸಿದ. ಸೌದೆಯನ್ನು ಗೋಡೆಗೆ ಒರಗಿಸಿ ಜೋಡಿಸಿದ. ಗಂಟು ಎತ್ತಿಕೊಂಡು ನದಿಯ ಕಡೆ ನಡೆದ.

ಹೊನ್ನಯ್ಯ ಕೈ ಕೊಡವಿಕೊಂಡು, ಇನ್ನಾದರೂ ಗಿಡಗಳಿಗೆ ನೀರು ಬಿಡೋಣ ಎಂದು ತೋಟಕ್ಕೆ ಬಂದ.

ತೋಟದಲ್ಲಿ ಅಡವಯ್ಯ ಕುಡುಗೋಲು ಹಿಡಿದು ಮಲ್ಲಿಗೆ ಗಿಡಗಳನ್ನು ಮಂಡಿಯೆತ್ತರಕ್ಕೆ ಕತ್ತರಿಸುತ್ತಿದ್ದರು.

“ಗುರುಗಳೇ! ಏನು ಮಾಡುತ್ತಿದ್ದೀರಿ?”

“ಗಿಡ ಸವರುತ್ತಿದ್ದೇನೆ.”

“ಹಾಗಾದರೆ ಕಾಲುವೆ?”

“ನಾನೇ ಮುಚ್ಚಿದೆ. ನೀನು ತೆಗೆದೆ. ಮತ್ತೆ ಮುಚ್ಚಿದೆ. ಸೊಂಟ ಹಿಡಿದುಕೊಂಡಿದೆ.”

“ಎಲೆ?”

“ಹೇಳಿದೆನಲ್ಲ.”

“ಅವನನ್ನು ಉಳಿಸಲು ಹಾಗೆ ಹೇಳಿದಿರಿ ಎಂದುಕೊಂಡೆ.”

“ನಾನು ಕಿತ್ತಿದ್ದೆ. ಅದಕ್ಕೆ ಹಾಗೆ ಹೇಳಿದೆ.”

ಹೊನ್ನಯ್ಯ ಬೋಳು ಕಡ್ಡಿಗಳನ್ನು ನೋಡಿದ. “ಅಷ್ಟು ಹಸಿರಾಗಿದ್ದವು ಗುರುಗಳೇ. ಯಾಕೆ ಹೀಗೆ?”

“ಚಳಿಗಾಲವೆಲ್ಲ ನೀರು ಕುಡಿದ ಮಲ್ಲಿಗೆ ಬರೀ ಎಲೆ ಬಿಡುತ್ತದೆ. ಒಣಗಿಸಬೇಕು, ಎಲೆ ಕೀಳಬೇಕು, ಸವರಬೇಕು. ಪಾತಿ ಬಿಡಿಸಿ ಗೊಬ್ಬರ ಹಾಕಿ, ಆಮೇಲೆ ನೀರು. ಆಗ ಮೊಗ್ಗು. ಮೊದಲ ದಿನವೇ ಹೇಳಿದೆ.”

“ಅದು ವೈರಾಗ್ಯ ಎಂದುಕೊಂಡೆ.”

“ಅದು ಮಲ್ಲಿಗೆ.”

ಅಡವಯ್ಯ ಕುಡುಗೋಲಿನ ಅಲಗನ್ನು ಪಂಚೆಗೆ ಒರೆಸಿಕೊಂಡರು. “ಗೊಬ್ಬರದ ಬುಟ್ಟಿ ಭಾರ. ಮರಿದೇವನನ್ನು ಕರೆ.”

ಹೊನ್ನಯ್ಯ ನಿಂತಲ್ಲೇ ನಿಂತ.

“ಏನಪ್ಪಾ?”

“ಬೇಡ ಎಂದುಬಿಟ್ಟೆ ಗುರುಗಳೇ. ಅವನು ಹೊರಟ.”

ಅಡವಯ್ಯ ಕುಡುಗೋಲನ್ನು ಕೆಳಗಿಟ್ಟರು.

ಆಚೆ ದಡದಲ್ಲಿ ದೋಣಿ ಜನ ತುಂಬಿಕೊಳ್ಳುತ್ತಿತ್ತು. ಅದು ಈಚೆಗೆ ಬಂದು ಹೋದರೆ ಮರಿದೇವ ಹೋದಂತೆ. ಎಲ್ಲಿಗೆಂದು ಅವನಿಗೂ ಗೊತ್ತಿರಲಿಲ್ಲ, ಹುಡುಕುವುದೆಲ್ಲಿ?

ಹೊನ್ನಯ್ಯ ಓಡಿದ. ಮರಿದೇವ ನದಿಗಿಳಿಯುವ ಕೊನೆಯ ಮೆಟ್ಟಿಲಲ್ಲಿ ಗಂಟಿನ ಮೇಲೆ ಕೂತಿದ್ದ.

“ಬಾರಪ್ಪ, ಹೋಗೋಣ.”

“ಯಾಕೆ?”

“ತಪ್ಪಾಯಿತು.”

ಮರಿದೇವ ಅವನನ್ನು ಮೇಲಿಂದ ಕೆಳಗೆ ನೋಡಿದ. “ಗುರುಗಳು ಕಳಿಸಿದರಾ?”

“ಇಲ್ಲ, ನಾನೇ ಬಂದೆ.”

“ಹಾಗಾದರೆ ಇದರಲ್ಲಿ ಏನೋ ಇದೆ.”

“ಏನೂ ಇಲ್ಲಪ್ಪಾ! ನಿನ್ನ ತಪ್ಪೇನೂ ಇರಲಿಲ್ಲ. ಎಲ್ಲಾ ನನ್ನ ಮೊದ್ದುತನ. ನೀನು ಬಂಗಾರದಂಥವನು.”

“ಬೆಳಿಗ್ಗೆ ಬೇಡದವನು. ಈಗ ಬಂಗಾರ. ಮೇಲೆ ಹತ್ತಿದರೆ ಇನ್ನೇನು ಮಾಡಬೇಕೆಂದಿದ್ದೀಯ?”

ಹೊನ್ನಯ್ಯ ಆಣೆ ಇಟ್ಟ. ಆಣೆ ಇಟ್ಟಷ್ಟೂ ಮರಿದೇವ ದೂರ ಸರಿದು ಕೂತ. ಕೊನೆಗೆ ಅವನ ಪಾದಗಳು ನೀರಿಗೇ ಇಳಿದವು.

ಹೊನ್ನಯ್ಯ ಒಬ್ಬನೇ ಹಿಂತಿರುಗಿದ. ಅಡವಯ್ಯ ಒಲೆಯಿಂದ ಅನ್ನದ ಪಾತ್ರೆ ಇಳಿಸಿ ಬಡಿಸುತ್ತಿದ್ದರು.

“ನೀವೇ ಹೋಗಿ ಕರೆಯಿರಿ ಗುರುಗಳೇ.”

“ಬೇಡ ಎಂದವನು ನಾನಲ್ಲ.”

“ನಾನು ಏನೆಂದರೂ ಅವನು ಅನುಮಾನಿಸುತ್ತಾನೆ. ಎಷ್ಟು ಕಷ್ಟ ಗುರುಗಳೇ, ಇಂಥವರ ಜೊತೆ!”

ಅಡವಯ್ಯ ಸೌಟು ಹಿಡಿದ ಕೈಯನ್ನು ನಿಲ್ಲಿಸಿ ಅವನ ಮುಖ ನೋಡಿದರು. ಹೊನ್ನಯ್ಯ ತಲೆ ತಗ್ಗಿಸಿ ಕೂತ.

“ಅವನು ನಂಬುವ ಒಂದು ಮಾತು ಕೊಡಿ. ಒಂದೇ ಒಂದು. ಅವನು ಹೋಗಿಬಿಟ್ಟರೆ ಈ ತೋಟದಲ್ಲಿ ಯಾವ ಹೂವನ್ನು ನೋಡಲಿ ನಾನು?”

“ಅನ್ನ ಆರುತ್ತಿದೆ,” ಎಂದರು ಅಡವಯ್ಯ.

ಹೊನ್ನಯ್ಯ ತಕ್ಷಣ ಎದ್ದು ಓಡಿದ.

ದೋಣಿ ಬಂದಿತ್ತು. ಮರಿದೇವನ ಒಂದು ಕಾಲು ದೋಣಿಯಲ್ಲಿತ್ತು, ಒಂದು ಮೆಟ್ಟಿಲ ಮೇಲೆ. ಹೊನ್ನಯ್ಯನಿಗೆ ಏದುಸಿರು. ಆಣೆಗೂ ಹೊಗಳಿಕೆಗೂ ಉಸಿರು ಉಳಿದಿರಲಿಲ್ಲ.

“ಅನ್ನ ಆರುತ್ತಿದೆ,” ಎಂದ.

ಮರಿದೇವ ಅವನ ಮುಖದಲ್ಲಿ ಬಹಳ ಹೊತ್ತು ಹುಡುಕಿದ. ಬೆವರು ಬಿಟ್ಟರೆ ಏನೂ ಸಿಗಲಿಲ್ಲ.

“ಏನು ಸಾರು?” ಎಂದ.

“ಹುರುಳಿ.”

ಮರಿದೇವ ದೋಣಿಯಿಂದ ಕಾಲು ತೆಗೆದ.

ಊಟ ಮುಗಿಸಿ ಇಬ್ಬರೂ ಗೊಬ್ಬರದ ಬುಟ್ಟಿ ಹೊತ್ತರು. ಬುಟ್ಟಿಯ ಆ ಕಡೆಯ ಹಿಡಿ ಒಬ್ಬನದು, ಈ ಕಡೆಯದು ಇನ್ನೊಬ್ಬನದು. ಮಾತು ಮಾತ್ರ ಚಿಗುರು ಒಡೆಯುವವರೆಗೂ ಹುಟ್ಟಲಿಲ್ಲ.

ವಸಂತಕ್ಕೆ ಮಲ್ಲಿಗೆ ಬಿಟ್ಟಿತು ನೋಡಿ! ಆ ಘಮಕ್ಕೆ ಕಪಿಲೆಯ ಮೀನುಗಳೆಲ್ಲ ಮೂಗು ಮೇಲೆತ್ತಿ ಸಾಲಾಗಿ ನಿಂತುಬಿಟ್ಟವು. ದೋಣಿ ಅವುಗಳ ತಲೆಯ ಮೇಲೇ ಜಾರಿಕೊಂಡು ದಾಟುತ್ತಿತ್ತು, ಹುಟ್ಟು ಹಾಕುವ ಕೆಲಸವೇ ಇರಲಿಲ್ಲ. ಮೊದಲ ಹೂ ಅರಳಿದ ದಿನ ಮರಿದೇವ ಶಿಷ್ಯನಾದ.

ಇಷ್ಟೂ ನಿಜ. ಒಂದೇ ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿದ್ದು, ಒಪ್ಪಿಕೊಂಡುಬಿಡುತ್ತೇನೆ. ಹೊನ್ನಯ್ಯ ತಕ್ಷಣ ಎದ್ದು ಓಡಿದ ಎಂದೆನಲ್ಲ, ಓಡಲಿಲ್ಲ. ಅನ್ನ ಎಂದರೆ ಏನು, ಆರುವುದು ಎಂದರೆ ಏನು ಎಂದು ಕಣ್ಣು ಮುಚ್ಚಿ ಕೂತುಬಿಟ್ಟ. ದೋಣಿ ಆಗಲೇ ಆಚೆ ದಡ ಬಿಟ್ಟಿತ್ತು. ಅಡವಯ್ಯ ಅವನ ಭುಜ ಹಿಡಿದು ಅಲುಗಿಸಿ ಇನ್ನೊಂದು ಸಲ ಹೇಳಬೇಕಾಯಿತು.

“ಅನ್ನ ಆರುತ್ತಿದೆ, ಹೊನ್ನಯ್ಯ.”