ಕಲ್ಲುಕ್ವಾರಿಯ ಸಭೆಯಲ್ಲಿ ಸಮಾಧಾನಮ್ಮನವರು

ಕೆಂಪುಕಲ್ಲಿನ ಕ್ವಾರಿಗಳ ನಡುವೆ ಕರೇಗುಡ್ಡ ಕ್ಯಾಂಪು ಎಂಬ ಕೂಲಿಕಾರರ ವಸತಿಯಿತ್ತು. ಪೂಜ್ಯ ಸಮಾಧಾನಮ್ಮನವರು ಅಲ್ಲಿ ಜಲ್ಲಿ ಒಡೆದು ಜೀವಿಸುತ್ತಿದ್ದರು. ಆರು ದಿನ ಸುತ್ತಿಗೆ ಹಿಡಿದ ಕೈಯಲ್ಲೇ ಏಳನೆಯ ದಿನ ಸತ್ಯವೇದ ಹಿಡಿಯುತ್ತಿದ್ದರು. ಪಟ್ಟಣದ ಪಾದ್ರಿಗಳು ಮೂರು ತಿಂಗಳಿಗೊಮ್ಮೆ ಬಂದರೆ ಬಂದರು. ಉಳಿದ ಭಾನುವಾರಗಳಲ್ಲಿ ಆ ತಗಡಿನ ದೇವಾಲಯದ ಆರಾಧನೆಯನ್ನು ನಡೆಸುತ್ತಿದ್ದವರು ಈ ತಾಯಿಯೇ.

ಹೆಂಗಸೊಬ್ಬಳು ಪೀಠದ ಬಳಿ ನಿಲ್ಲುತ್ತಾಳೆಂದು ಪಟ್ಟಣದ ಸಭೆಗೆ ದೂರು ಹೋಯಿತು. ಅದನ್ನು ನಿಲ್ಲಿಸಿ ಬರಲು ಸಭಾಹಿರಿಯರಾದ ಅಹರೋನಪ್ಪ ಮಾಸ್ತರರನ್ನು ಕಳುಹಿಸಿದರು. ಮಾಸ್ತರರು ಕೆಟ್ಟವರಲ್ಲ, ದೈವಭೀರುಗಳು. ಹೆಣ್ಣುಮಕ್ಕಳು ಸಭೆಯಲ್ಲಿ ಬಾಯಿ ತೆರೆಯಬಾರದೆಂದು ಚಿಕ್ಕಂದಿನಿಂದ ನಂಬಿದ್ದವರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡೇ ಬಂದಿದ್ದರು.

ಆ ಭಾನುವಾರ ಜನ ಸೇರುತ್ತಿದ್ದ ಹೊತ್ತಿಗೆ ತಾಯಿಯವರು ದೇವಾಲಯದ ನೆಲ ಗುಡಿಸುತ್ತಿದ್ದರು. ಮಾಸ್ತರರು ಬಂದ ಕೆಲಸ ಹೇಳಿದ್ದೇ ತಡ, "ಹಂಗಾದ್ರ ಇವತ್ತು ನೀವ ನಡಸ್ರಿ" ಎಂದು ಪುಸ್ತಕವನ್ನು ಅವರ ಕೈಗಿತ್ತು, ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತುಬಿಟ್ಟರು.

ಮಾಸ್ತರರಿಗೆ ಗಲಿಬಿಲಿಯಾಯಿತು. ವಾದಕ್ಕೆ ನಿಂತವರ ಎದುರಿಗೆ ಯಾರೂ ಇಲ್ಲ. ಇದು ವಿಧೇಯತೆಯೋ, ಪರೀಕ್ಷೆಯೋ? ತಿಳಿಯದೆಯೇ ಓದಿದರು, ಹಾಡಿಸಿದರು, ತಾಳ್ಮೆಯ ಕುರಿತು ಪ್ರಸಂಗ ಶುರುಮಾಡಿದರು.

ಅಷ್ಟರಲ್ಲಿ ಹಿಂದಿನಿಂದ ಎಳೆಯ ಹೆಂಗಸೊಬ್ಬಳು ಎದ್ದುನಿಂತಳು. ಅವಳು ಸಾಲೋಮವ್ವ. ಒಂಬತ್ತು ದಿನಗಳ ಹಿಂದೆ ಅವಳ ಗಂಡ ಕಲ್ಲುಬಂಡೆಯಡಿ ಸಿಕ್ಕಿ ಸತ್ತಿದ್ದ. ಮಾಸ್ತರರಿಗೆ ಅದು ಗೊತ್ತಿರಲಿಲ್ಲ.

"ಎಲ್ಲಿದ್ದೆಯೋ ದೇವರೇ ಅವತ್ತು?" ಎಂದು ಅವಳು ತಗಡು ನಡುಗುವಂತೆ ಕೂಗಿದಳು. "ಬಂಡಿಗಲ್ಲು ಬೀಳೂಮುಂದ ಕಣ್ಣು ಮುಚ್ಚಿಕೊಂಡಿದ್ದೆಯೇನು? ಹೇಳು!"

"ಸುಮ್ಮನಿರವ್ವಾ! ಇದು ಆರಾಧನಿ, ಸಂತಿ ಅಲ್ಲ" ಎಂದು ಮಾಸ್ತರರು ಗದರಿದರು.

ಆಗ ಸಮಾಧಾನಮ್ಮನವರು ಎದ್ದು ಆಕೆಯ ಬೆನ್ನಿನ ಮೇಲೆ ಕೈಯಿಟ್ಟರು. ದನಿ ಏರಿಸಲಿಲ್ಲ. "ಆಕಿ ಪ್ರಾರ್ಥನಿ ಮಾಡಾಕತ್ತಾಳ್ರಿ, ಮಾಸ್ತರ. ನೀವು ಆಮೆನ್ ಅನ್ರಿ" ಎಂದರು.

ಮಾಸ್ತರರು ಸಾಲೋಮವ್ವನ ಕಡೆ ನೋಡಿದರು. ದೇವರನ್ನು ಬೈಯುವುದಕ್ಕೆ ಆಮೆನ್ ಎನ್ನುವುದೇ? ಅನ್ನದಿದ್ದರೆ ಈ ಜೀವ ಯಾರ ಮುಂದೆ ಅಳಬೇಕು? ಐವತ್ತು ವರ್ಷ ಓದಿದ ಪುಸ್ತಕ ಕೈಯಲ್ಲೇ ಇತ್ತು. ಯಾವ ಪುಟ ತೆರೆಯಬೇಕೋ ತೋಚಲಿಲ್ಲ. ಸಾಲೋಮವ್ವ ಅಳುತ್ತಲೇ ಇದ್ದಳು. ಕೊನೆಗೆ ಮಾಸ್ತರರೇ ಪೀಠದಿಂದ ಇಳಿದು, ನೆಲಕ್ಕೆ ಮೊಣಕಾಲೂರಿ, "ಆಮೆನ್" ಎಂದರು. ಸಭೆಯೆಲ್ಲ ದನಿಗೂಡಿಸಿತು.

ಆರಾಧನೆ ಮುಗಿದ ಮೇಲೆ, ಊಟಕ್ಕೆ ರೊಟ್ಟಿ ಬಡಿಸುತ್ತಿದ್ದ ತಾಯಿಯವರನ್ನು ಮಾಸ್ತರರು ಕೇಳಿದರು: "ಅವ್ವಾ, ಇವತ್ತು ಆರಾಧನಿ ನಡಿಸಿದವರು ಯಾರು? ನಾನೋ, ನೀವೋ, ಆಕಿಯೋ?"

ತಾಯಿಯವರು ನಕ್ಕು, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದರು.

ಗೊಂದಲ ತಲೆಯಲ್ಲಿಟ್ಟುಕೊಂಡೇ ಮಾಸ್ತರರು ಮನೆ ಸೇರಿದರು. ಸಂಜೆಯ ಕುಟುಂಬಪ್ರಾರ್ಥನೆಯಲ್ಲಿ ಎಂದಿನಂತೆ ತಾವು ಆರಂಭಿಸದೆ ಹೆಂಡತಿಯ ಕಡೆ ತಿರುಗಿ, "ಮಿರಿಯಮ್ಮಾ, ಇವತ್ತು ನೀನು ಮಾಡು" ಎಂದರು.

"ನಾನಾ?" ಆಕೆ ಬೆರಗಾದರು. ಆಮೇಲೆ ಕಣ್ಣುಮುಚ್ಚಿ, "ಕರ್ತನೇ, ನಮ್ಮ ತಬಿಥಾ ನಿನ್ನ ಹತ್ರ ಸುಖವಾಗಿರಲಿ" ಎಂದರು.

ಇಪ್ಪತ್ತೆರಡು ವರ್ಷಗಳ ಹಿಂದೆ ಅವರಿಗೊಂದು ಹೆಣ್ಣುಮಗು ಹುಟ್ಟಿ, ಮೂರೇ ದಿನ ಬದುಕಿತ್ತು. ಅದಕ್ಕೊಂದು ಹೆಸರಿತ್ತೆಂದು ಮಾಸ್ತರರಿಗೆ ತಿಳಿದದ್ದು ಅಂದೇ.

ಪಟ್ಟಣದ ಸಭೆಯಲ್ಲಿ ವರದಿ ಕೇಳಿದಾಗ ಅವರು, "ನಿಲ್ಲಸಾಕ ಹೋಗಿದ್ದೆ. ಯಾರನ್ನ ನಿಲ್ಲಸಬೇಕಂತ ನನಗ ತಿಳೀಲಿಲ್ಲ" ಎಂದಷ್ಟೇ ಹೇಳಿ ಕುಳಿತರು. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೇ ಮಿರಿಯಮ್ಮನವರೊಡನೆ ಕರೇಗುಡ್ಡಕ್ಕೆ ಹೋದರು. ಸಮಾಧಾನಮ್ಮನವರು ಪೀಠದ ಬಳಿ ನಿಂತು ಪುಸ್ತಕ ತೆರೆದಾಗ, ಮಾಸ್ತರರು ಚಾಪೆಯ ಮೇಲೆ ಕೈಮುಗಿದು ಕುಳಿತಿದ್ದರು.