ಕರಿವೀರಯ್ಯನವರ ಹೆಂಡದಂಗಡಿ

ಅರೆಕೋಟೆಯ ಹಳೇಪೇಟೆಯಲ್ಲಿ, ಮಾರಿಗುಡಿಯ ಹಿಂದಿನ ಬೀದಿ ತಿರುಗುವಲ್ಲಿ ಒಂದು ಬಾರ್ ಇದೆ. ಬೋರ್ಡಿನ ಮೇಲೆ ಬೇರೇನೋ ಬರೆದಿದ್ದರೂ ಊರವರ ಬಾಯಲ್ಲಿ ಅದು ಕರಿವೀರಯ್ಯನವರ ಹೆಂಡದಂಗಡಿ. ತೂರಾಡುತ್ತ ಹೊರಬರುವವನೂ ಆ ಮರ್ಯಾದೆಯ 'ನವರ'ವನ್ನು ಬಿಡುವುದಿಲ್ಲ. ಕರಿವೀರಯ್ಯ ಹೆಂಡ ಮಾರಿದವನಲ್ಲ, ಮುಟ್ಟಿದವನೂ ಅಲ್ಲ. ಅದರ ವಾಸನೆಗೆ ಹೇಸಿ ಈ ಬೀದಿಗೇ ಕಾಲಿಡುತ್ತಿರಲಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಆತ ಪೇಟೆಯ ಯಜಮಾನ. ಛತ್ರಕ್ಕೆ, ಬಾವಿಗೆ, ಅರವಟ್ಟಿಗೆಗೆ ಎಲ್ಲಕ್ಕೂ ಅವನದೇ ಹೆಸರು. ಊರಲ್ಲಿ ಕಳುವಾದರೆ ಮನೆಗೊಬ್ಬರಂತೆ ಮಣ್ಣಿನ ಉಂಡೆ ತಂದು ಮಂಟಪದ ಕೊಪ್ಪರಿಗೆಗೆ ಹಾಕುವ ಪದ್ಧತಿಯಿತ್ತು. ಕದ್ದವನು ಮನಸ್ಸು ಕರಗಿ ಒಡವೆಯನ್ನು ಉಂಡೆಯೊಳಗಿಟ್ಟು ಹಾಕಿದರೆ ಯಾರೂ ಏನೆಂದು ಕೇಳುವಂತಿರಲಿಲ್ಲ. ಉಂಡೆ ಯಾರದೆಂದು ತಿಳಿಯಬಾರದೆಂದೇ ಯಜಮಾನನೊಬ್ಬನೇ ಬಾಗಿಲು ಹಾಕಿಕೊಂಡು ಅವನ್ನು ಒಡೆಯುತ್ತಿದ್ದ. ಮಾರಮ್ಮನ ಬಂಗಾರದ ಡಾಬು ಕಳುವಾದ ವರ್ಷವೂ ಹಾಗೇ ಒಡೆದು, ಬರೀ ಮಣ್ಣು ಎಂದು ಹೊರಬಂದು ಕೈಕೊಡವಿದ.

ಅನುಮಾನ ಈಚಲುಮರ ಹತ್ತಿ ಹೆಂಡ ಇಳಿಸುವ ಚೌಡಪ್ಪನ ಮೇಲೆ ಬಿತ್ತು. ನಸುಕಿನಲ್ಲಿ ಗುಡಿಯ ಹಿಂದೆ ಓಡಾಡುವವನು ಅವನೊಬ್ಬನೇ. ಕಾದ ಎಣ್ಣೆಯಲ್ಲಿ ಬಲಗೈ ಅದ್ದಿಸಿದರು. ಸುಡದೆ ಇರುತ್ತದೆಯೇ? ಸುಟ್ಟಿತು, ಕಳ್ಳನಾದ. ಗಾಯ ಮಾಯುವ ಮೊದಲೇ ಹೊಟ್ಟೆಪಾಡಿಗೆ ಒಂದೇ ಕೈಯಲ್ಲಿ ಮರ ಹತ್ತಿ, ಬಿದ್ದು ಸತ್ತ. ಅವನ ಹೆಂಡತಿ ಸಂಕಮ್ಮ, ಈಗ ಬಾರ್ ಇರುವಲ್ಲಿದ್ದ ತಮ್ಮ ಅಂಗಡಿಯಲ್ಲಿ ಕುಳಿತು ಹೆಂಡ ಮಾರತೊಡಗಿದಳು. ಗಂಡ ಹೋದ ಸಂಕಟಕ್ಕಿಂತ, ಬಂದವರೆಲ್ಲ ಕಳ್ಳನ ಹೆಂಡತಿ ಎನ್ನುವುದು ಅವಳ ಕರುಳು ಕೊಯ್ಯುತ್ತಿತ್ತು. ಆ ಮಾತು ಅಳಿಸದೆ ತಾನು ಸಾಯುವುದಿಲ್ಲ ಎಂದುಕೊಂಡಿದ್ದಳು.

ಒಂದು ಸಂಜೆ ಗಾಣದ ಹೊನ್ನಯ್ಯ ಕಂಠಪೂರ್ತಿ ಕುಡಿದು ಅವಳ ಕಾಲಿಗೆ ಬಿದ್ದ. ಡಾಬು ಕದ್ದವನು ತಾನೇ, ಹೆದರಿ ಅದನ್ನು ಉಂಡೆಯಲ್ಲಿಟ್ಟು ಕೊಪ್ಪರಿಗೆಗೆ ಹಾಕಿಯೂ ಬಿಟ್ಟಿದ್ದೆ, ಚೌಡಪ್ಪನ ಕೈ ಸುಟ್ಟ ಎಣ್ಣೆಯೂ ತನ್ನ ಗಾಣದ್ದೇ ಎಂದು ಅತ್ತ. ಸಂಕಮ್ಮ ಅಳಲಿಲ್ಲ. ನೇರವಾಗಿ ಪಾಳೆಯಗಾರನ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿ, ಅವನ ಕಣ್ಣೆದುರೇ ಮಣ್ಣು ಕಲಸಿ, ತೆಗೆದಿಟ್ಟಿದ್ದ ತನ್ನ ತಾಳಿಯನ್ನು ಒಳಗಿಟ್ಟು ಉಂಡೆ ಕಟ್ಟಿದಳು. ಆಮೇಲೆ ಪೇಟೆಗೆ ಬಂದು ತಾಳಿ ಕಳುವಾಯಿತೆಂದು ದೂರು ಕೊಟ್ಟಳು.

ಮನೆಮನೆಯ ಉಂಡೆಗಳ ಜೊತೆ ಅವಳದೂ ಕೊಪ್ಪರಿಗೆಗೆ ಬಿತ್ತು. ಕೈ ರೂಢಿಗೆ ಬಿದ್ದ ಕರಿವೀರಯ್ಯ ಹೊರಬಂದು, ಈ ಸಲವೂ ಬರೀ ಮಣ್ಣೇ ಎಂದ. ಜನರ ನಡುವೆ ಬಂದು ಕುಳಿತಿದ್ದ ಪಾಳೆಯಗಾರ ಎದ್ದುನಿಂತ. ಸಂಕಮ್ಮ ಮುಂದೆ ಬಂದು ಹೇಳಿದಳು:

"ನನ್ ತಾಳಿ ಕಳುವಾದ್ದು ಈಗ್ಲೇ, ಯಜಮಾನ್ರೇ. ಇಷ್ಟೊತ್ತೂ ಉಂಡೇಲೇ ಇತ್ತು."

ತಾಳಿ ಅವನ ಎಲೆಅಡಿಕೆ ಸಂಚಿಯಲ್ಲಿ ಸಿಕ್ಕಿತು. ಮನೆ ಶೋಧಿಸಿದಾಗ ಡಾಬಿನ ಜೊತೆ, ಎಷ್ಟೋ ವರ್ಷ ಎಷ್ಟೋ ಕಳ್ಳರು ಹಿಂತಿರುಗಿಸಿದ್ದ ಒಡವೆಗಳೆಲ್ಲ ಹೊರಬಿದ್ದವು. ಅವನ ಕೈಯನ್ನೂ ಎಣ್ಣೆಗೆ ಅದ್ದಿಸಲು ಪಾಳೆಯಗಾರ ಸಿದ್ಧನಿದ್ದ. ಸಂಕಮ್ಮ ಬೇಡವೆಂದಳು. ಛತ್ರದಿಂದ, ಬಾವಿಯಿಂದ ಅವನ ಹೆಸರು ತೆಗೆಸಿ ತನ್ನ ಅಂಗಡಿಗೆ ಇಡಿಸಬೇಕು, ಕುಡುಕರು ದಿನವೂ ಮರ್ಯಾದೆಯಿಂದಲೇ ಕರೆಯಬೇಕು ಎಂದಳು. ಅಲ್ಲಿಯವರೆಗೆ ತಲೆಯೆತ್ತದಿದ್ದ ಕರಿವೀರಯ್ಯ ಅವಳ ಮುಂದೆ ಕೈಮುಗಿದ.

"ಎಣ್ಣೇನೇ ಕಾಯ್ಸಮ್ಮ. ಹೆಸರು ಬೇಡ."

ಅವಳು ಒಪ್ಪಲಿಲ್ಲ. ಅವನು ಊರು ಬಿಟ್ಟು ಎಲ್ಲಿ ಸತ್ತನೋ ಯಾರಿಗೂ ತಿಳಿಯದು.

ಮಂಟಪದ ಆ ಕೊಪ್ಪರಿಗೆ ಈಗ ಬಾರಿನ ಬಾಗಿಲಲ್ಲಿದೆ, ಕೈ ತೊಳೆಯುವ ನೀರು ತುಂಬಿಸಿಡುತ್ತಾರೆ. ಒಳಗೆ ಹೋದವರಿಗೆ ಇನ್ನೊಂದೂ ಕಾಣುತ್ತದೆ: ಹಳೆಯ ಗಿರಾಕಿಗಳು ಮೊದಲ ಲೋಟವನ್ನು ಎಡಗೈಯಲ್ಲೇ ಎತ್ತುತ್ತಾರೆ. ಯಾಕೆಂದು ಕೇಳಿದರೆ, ಕರಿವೀರಯ್ಯನವರ ಕಾಲದಿಂದ ಹೀಗೇ ಎನ್ನುತ್ತಾರೆ. ಚೌಡಪ್ಪನ ಹೆಸರು ಅವರಲ್ಲಿ ಯಾರಿಗೂ ಗೊತ್ತಿಲ್ಲ.