ನದಿ ಅಂಕುಡೊಂಕಾದದ್ದು, ತೆನ್ರಿಯಜ್ಜಿಯ ಗದ್ದೆ ಆಚೆ ದಡಕ್ಕೆ ಹೋದದ್ದು

"ಸಮುದ್ರಕ್ಕೆ ಹೋಗೋದು ಈ ಕಡೆಯಿಂದಲೇ ಏನಣ್ಣ?" ಎಂದು ನದಿ, ಕೆಸರಿನಲ್ಲಿ ಮಲಗಿದ್ದ ಕೋಣವನ್ನು ಕೇಳಿದಳು. ಬೆಳಗಿನಿಂದ ಅವಳು ಕೇಳುತ್ತಿದ್ದದ್ದು ಇದೊಂದನ್ನೇ. ಕೊಕ್ಕರೆಯನ್ನು ಕೇಳಿದ್ದಳು, ಬಿದಿರು ಮೆಳೆಯನ್ನು ಕೇಳಿದ್ದಳು. ದಾರಿ ತಪ್ಪಿ ಎಷ್ಟು ಹೊತ್ತಾಗಿತ್ತೋ ಅವಳಿಗೇ ತಿಳಿಯದು.

ಆಗ ಲೋಕ ಹೊಚ್ಚ ಹೊಸದು, ಮಗೂ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ನಕ್ಷತ್ರಗಳಿಗೆ ತಮ್ಮ ತಮ್ಮ ಜಾಗ ಸರಿಯಾಗಿ ಗೊತ್ತಿರಲಿಲ್ಲ. ನದಿಗಳೆಲ್ಲ ದಾರ ಎಳೆದ ಹಾಗೆ ನೆಟ್ಟಗೆ ಹರಿಯುತ್ತಿದ್ದವು.

ಈ ನದಿಯೂ ಸುಲವೇಸಿ ದ್ವೀಪದ ಒಂದು ಬೆಟ್ಟದಿಂದ ನೆಟ್ಟಗೇ ಇಳಿದು ಬಂದವಳು. ಬಿಸಿಗಾಳಿ ಬೀಸುವುದರೊಳಗೆ ಸಮುದ್ರ ಸೇರಿಬಿಡು, ಇಲ್ಲದಿದ್ದರೆ ಮರಳಿನಲ್ಲಿ ಇಂಗಿಹೋಗುತ್ತೀ ಎಂದು ಬೆಟ್ಟ ಹೇಳಿ ಕಳಿಸಿತ್ತು. ಸಮುದ್ರ ಯಾವ ದಿಕ್ಕಿಗಿದೆ ಎಂದು ಹೇಳುವುದನ್ನು ಮಾತ್ರ ಮರೆತಿತ್ತು. ದೊಡ್ಡವರು ಹೀಗೇ.

ಕೋಣ ಕಿವಿ ಅಲ್ಲಾಡಿಸಿತು. ತಾನು ಈ ಕೆಸರು ಬಿಟ್ಟು ಎಲ್ಲಿಗೂ ಹೋಗಿಲ್ಲ, ಮುಂದೆ ಮನುಷ್ಯರ ಊರೊಂದಿದೆ, ಅವರಿಗೆ ಎಲ್ಲ ಗೊತ್ತಿರುತ್ತದಂತೆ, ಅಲ್ಲಿ ಕೇಳು ಎಂದಿತು.

ನದಿ ಓಡಿದಳು.

ಆ ಊರಿನ ಮನೆಗಳೆಲ್ಲ ಮರದ ಕಂಬಗಳ ಮೇಲೆ ನಿಂತಿದ್ದವು. ಮೇಲೆ ಜನ, ಕೆಳಗೆ ಕೋಳಿ, ಸುತ್ತ ಗದ್ದೆ ತೋಟ. ಮೊದಲ ಗದ್ದೆಯ ಬದುವಿನ ಮೇಲೆ ಬೆಡ್ಡು ಎಂಬ ರೈತ ನಿಂತಿದ್ದ. ಅವನು ಸಮುದ್ರವನ್ನು ಕಂಡವನೇ ಅಲ್ಲ. ಆದರೆ ದಾರಿ ಕೇಳಿದರೆ ಗೊತ್ತಿಲ್ಲ ಅನ್ನುವ ಮನುಷ್ಯನನ್ನು ಇಷ್ಟು ದೇಶ ಸುತ್ತಿಯೂ ನಾನು ಕಂಡಿಲ್ಲ. ಬೆಡ್ಡು ನದಿಯನ್ನು ನೋಡಿದ. ತನ್ನ ಗದ್ದೆಯನ್ನು ನೋಡಿದ. ಇವಳು ನೆಟ್ಟಗೆ ಹೋದರೆ ಗದ್ದೆಯ ನಡುವೆಯೇ ಹೋಗುತ್ತಾಳೆ.

"ಬಲಕ್ಕೆ ತಿರುಗಮ್ಮ," ಎಂದ. "ತಿರುಗಿದರೆ ಸಮುದ್ರವೇ."

ನದಿ ಬಲಕ್ಕೆ ತಿರುಗಿದಳು. ಅಲ್ಲಿ ಚಿನ್ನೊಂಗ್ ಎಂಬ ಹೆಂಗಸಿನ ಬಾಳೆತೋಟ. ಚಿನ್ನೊಂಗ್ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು.

"ಬೆಡ್ಡು ಹೇಳಿದನಾ? ಅವನು ತನ್ನ ಬಾವಿ ಬಿಟ್ಟು ಬೇರೆ ನೀರು ನೋಡಿದವನಲ್ಲ. ಎಡಕ್ಕೆ ಹೋಗು ತಾಯಿ."

ನದಿ ಎಡಕ್ಕೆ ತಿರುಗಿದಳು. ಅಲ್ಲಿಯೂ ಒಬ್ಬನ ಗದ್ದೆ. ಬಲಕ್ಕೆ ತಿರುಗಮ್ಮ ಎಂದ. ಅದರಾಚೆ ಇನ್ನೊಬ್ಬಳ ಗದ್ದೆ. ಎಡಕ್ಕೆ ಹೋಗು ತಾಯಿ ಎಂದಳು. ಬಲಕ್ಕೆ ತಿರುಗಮ್ಮ, ಎಡಕ್ಕೆ ಹೋಗು ತಾಯಿ. ಎಲ್ಲರೂ ಮರ್ಯಾದೆಯಿಂದಲೇ ಹೇಳಿದರು. ಎಲ್ಲರೂ ತಮ್ಮ ತಮ್ಮ ಜಮೀನು ತಪ್ಪಿಸಿಯೇ ಹೇಳಿದರು. ತಿರುಗಿ ತಿರುಗಿ ನದಿಯ ಹೊಟ್ಟೆಯೊಳಗಿನ ಮೀನುಗಳಿಗೆ ತಲೆಸುತ್ತು ಬಂತು.

ಅಷ್ಟರಲ್ಲಿ ಹಿಂದಿನಿಂದ ಬಿಸಿಗಾಳಿ ಬಂದೇ ಬಂತು. "ಏನಕ್ಕ, ಹಾವಿನ ಹಾಗೆ ಹರೀತಿದ್ದೀಯಲ್ಲ?" ಎಂದು ನಕ್ಕಿತು. ನಗುತ್ತಲೇ ಅವಳ ಬೆನ್ನ ಮೇಲಿಂದ ಒಂದು ಗುಟುಕು ಕುಡಿಯಿತು. ಇನ್ನೊಂದು ಗುಟುಕು ಕುಡಿಯಿತು. ನದಿ ತೆಳ್ಳಗಾದಳು. ತಳದ ಕಲ್ಲುಗಳು ಕಾಣತೊಡಗಿದವು.

ಊರಿನ ಕೊನೆಯಲ್ಲಿ ತೆನ್ರಿಯಜ್ಜಿ ಇದ್ದಳು. ಅವಳದು ಒಂದೇ ಗದ್ದೆ, ಅದರ ನಡುವೆ ಒಂದೇ ಮನೆ. ಕೊಯ್ಲು ಮುಗಿಸಿ ಏಣಿಯ ಮೆಟ್ಟಿಲ ಮೇಲೆ ಕೂತಿದ್ದಳು. ನದಿ ಸಣ್ಣ ದನಿಯಲ್ಲಿ ದಾರಿ ಕೇಳಿದಳು.

ಅಜ್ಜಿ ತನ್ನ ಗದ್ದೆಯ ಕಡೆ ತಿರುಗಿ ನೋಡಿದಳು. ಸಮುದ್ರ ಎಲ್ಲಿದೆಯೆಂದು ಇಡೀ ಊರಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ರಾತ್ರಿ ಮಲಗಿದಾಗ ಗದ್ದೆಯ ಹಿಂದೆಯೇ ಅದರ ಮೊರೆತ ಅವಳಿಗೆ ಕೇಳುತ್ತಿತ್ತು. ಎಡಕ್ಕೆ ಬರೀ ಮರಳು. ಎಡಕ್ಕೆ ಹೋಗು ಎಂದು ಒಂದು ಮಾತು ಹೇಳಿದರೆ ಸಾಕು, ನದಿ ಅಲ್ಲೇ ಇಂಗಿಹೋಗುತ್ತಾಳೆ, ಗದ್ದೆ ಉಳಿಯುತ್ತದೆ. ಯಾರೂ ಕೇಳುವವರಿಲ್ಲ.

"ಎಡಕ್ಕೆ ಹೋಗಬೇಡ," ಎಂದಳು ಕೊನೆಗೆ. "ಸಮುದ್ರ ನನ್ನ ಗದ್ದೆಯ ಹಿಂದೆ ಇದೆ. ದಾರಿ ಗದ್ದೆಯ ಮೇಲೆಯೇ."

ನದಿ ಹಿಂಜರಿದಳು. "ನಡುವೆ ನಿನ್ನ ಮನೆ ಇದೆಯಲ್ಲಜ್ಜಿ."

"ಮನೆಗೆ ಕಾಲಿವೆ. ಕಾಲೇ ಇಲ್ಲದ ನೀನು ಇಲ್ಲೀತನಕ ನಡೆದು ಬಂದೆ, ಅದಕ್ಕೇನು ಬಂತು ರೋಗ? ಆದರೆ ಮಣ್ಣಿಗೆ ಕಾಲಿಲ್ಲ, ಮಗಳೇ. ಅದು ನಿನ್ನ ಜೊತೆ ಬಂದುಬಿಡುತ್ತೆ. ಅದು ಸಾಲ ಅನ್ನೋದು ನೆನಪಿರಲಿ."

ಅಜ್ಜಿ ಖಾಲಿ ಒರಳಿಗೆ ಒನಕೆ ಹಾಕಿ ಕುಟ್ಟತೊಡಗಿದಳು. ಆ ಊರಿನಲ್ಲಿ ಖಾಲಿ ಒರಳಿನ ಸದ್ದು ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ಬರಬೇಕು. ಬೆಡ್ಡು ಬಂದ, ಚಿನ್ನೊಂಗ್ ಬಂದಳು, ಊರಿಗೆ ಊರೇ ಓಡಿ ಬಂತು. ಕಂಬದಿಂದ ಕಂಬಕ್ಕೆ ಉದ್ದುದ್ದ ಬಿದಿರು ಕಟ್ಟಿದರು. ಎಲ್ಲರೂ ಬಿದಿರಿಗೆ ಹೆಗಲು ಕೊಟ್ಟು ಒಂದೇ ಉಸಿರಿಗೆ ಎತ್ತಿದರು. ಮನೆ ಎದ್ದಿತು! ಛಾವಣಿಯ ತಾಳೆಗರಿ ಸರಸರ ಅಂದಿತು. ಒಳಗೆ ಮಡಕೆಗಳು ಗಡಗಡ ಅಂದವು. ಮೇಲೆ ಹತ್ತಿ ಮೂಲೆಯಲ್ಲಿ ಮೊಟ್ಟೆಗೆ ಕೂತಿದ್ದ ಕೋಳಿ ಕಿಟಕಿಯಿಂದ ಕತ್ತು ಚಾಚಿ, ಊರೇ ನಡೆದು ಹೋಗುತ್ತಿದೆ ಎಂದು ಬೊಬ್ಬೆ ಹಾಕಿತು.

"ಬೆಡ್ಡು, ಬಲಕ್ಕೋ ಎಡಕ್ಕೋ?" ಎಂದಳು ಚಿನ್ನೊಂಗ್, ಹೆಗಲ ಭಾರದಲ್ಲೂ. "ನೀನೇ ಹೇಳಪ್ಪ, ದಾರಿ ಗೊತ್ತಿರೋನು."

ಎಲ್ಲರೂ ನಕ್ಕರು. ನಕ್ಕದ್ದಕ್ಕೆ ಮನೆ ವಾಲಿತು. ವಾಲಿದ್ದಕ್ಕೆ ಅಜ್ಜಿ ಬೈದಳು. ಬೈಗುಳ ಮುಗಿಯುವುದರೊಳಗೆ ಮನೆ ಎತ್ತರದ ದಿಣ್ಣೆಯ ಮೇಲೆ ಹೋಗಿ ನಿಂತಿತ್ತು.

ನದಿ ನುಗ್ಗಿದಳು. ಬಿಸಿಗಾಳಿ ಇನ್ನೊಂದು ಗುಟುಕಿಗೆ ಬಾಯಿ ತೆರೆಯುವಷ್ಟರಲ್ಲಿ ಗದ್ದೆ ದಾಟಿ ಸಮುದ್ರದ ಬಾಗಿಲಲ್ಲಿದ್ದಳು.

ಹೊತ್ತು ತಂದದ್ದನ್ನೆಲ್ಲ ನನ್ನ ಮಡಿಲಿಗೆ ಸುರಿದು ಒಳಗೆ ಬಾ, ಇದು ಇಲ್ಲಿಯ ಪದ್ಧತಿ ಎಂದ ಸಮುದ್ರರಾಜ. ನದಿ ತನ್ನ ಸೆರಗು ನೋಡಿಕೊಂಡಳು. ತುಂಬ ಅಜ್ಜಿಯ ಕಪ್ಪು ಮಣ್ಣು.

"ಇದು ನನ್ನದಲ್ಲ," ಎಂದಳು. ಬಾಗಿಲಿಗೆ ಮುಂಚಿನ ತಿರುವಿನಲ್ಲಿ, ಆಚೆ ದಡದ ಮಗ್ಗುಲಲ್ಲಿ ಆ ಮಣ್ಣನ್ನು ಮೆಲ್ಲಗೆ ಇಳಿಸಿ, ಬರಿಗೈಯಲ್ಲಿ ಒಳಗೆ ಹೋದಳು.

ಅಷ್ಟು ಮಣ್ಣಿನಿಂದ ಗದ್ದೆಯಾಗದು, ಸಾಲ ತೀರದು ಎಂದು ಅವಳಿಗೂ ಗೊತ್ತಿತ್ತು. ಮಳೆಗಾಲ ಬಂತು. ನದಿ ಮೈ ತುಂಬಿಕೊಂಡು ಧಡಧಡ ಬಂದಳು. ಬೆಡ್ಡು ತಿರುಗಿಸಿದ ಕಡೆ ತಿರುಗುವಾಗ ಅವನ ದಡಕ್ಕೆ ಭುಜ ತಾಗಿ ಒಂದು ಬುಟ್ಟಿ ಮಣ್ಣು ಕುಸಿಯಿತು. ಬೆಡ್ಡು ಬಾಯಿ ಬಡಿದುಕೊಂಡ.

"ನೀನು ತೋರಿಸಿದ ತಿರುವಿನಲ್ಲೇ ಬರ್ತಿದ್ದೀನಣ್ಣ," ಎಂದಳು ನದಿ.

ಚಿನ್ನೊಂಗ್‌ಳ ದಡದಲ್ಲಿ ಒಂದು ಬುಟ್ಟಿ. ಮುಂದಿನವನ ದಡದಲ್ಲಿ ಒಂದು ಬುಟ್ಟಿ. ಎಲ್ಲವನ್ನೂ ಹೊತ್ತು ಆಚೆ ದಡಕ್ಕೆ ತಂದು ಹಾಕಿದಳು.

ಮಳೆ ನಿಂತಾಗ ಅಜ್ಜಿಯ ಹಳೇ ಗದ್ದೆಯ ಎದುರಿಗೆ ಹೊಸ ನೆಲ ಎದ್ದಿತ್ತು. ಊರೆಲ್ಲ ಸೇರಿತು. ಬೆಡ್ಡು ಇದರಲ್ಲಿ ತನ್ನ ಮಣ್ಣಿದೆ ಎಂದ. ಚಿನ್ನೊಂಗ್ ಬಾಳೆಕಂದು ಹಿಡಿದೇ ಬಂದಿದ್ದಳು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.

"ನೀನು ಇಳಿದು ತುಳಿದು ನೋಡಜ್ಜಿ," ಎಂದಳು ನದಿ, ಮಿಕ್ಕವರ ಕಡೆ ತಿರುಗಿಯೂ ನೋಡದೆ.

ಅಜ್ಜಿ ಉಟ್ಟ ಬಟ್ಟೆ ಎತ್ತಿಕೊಂಡು ಇಳಿದಳು. ಪಾದ ಮೆತ್ತಗೆ ಹೂತಿತು. ಒಂದು ಹಿಡಿ ಎತ್ತಿ ಹಿಸುಕಿದಳು, ಮೂಸಿದಳು. "ಇದರಲ್ಲಿ ಬೆಡ್ಡು ಮಣ್ಣೂ ಇದೆಯಲ್ಲೇ?"

"ಅದು ಬಡ್ಡಿ, ಅಜ್ಜಿ."

ಬೆಡ್ಡು ಹಿಂದೆ ಸರಿದ. ಚಿನ್ನೊಂಗ್ ಕೈಲಿದ್ದ ಬಾಳೆಕಂದನ್ನು ಅಜ್ಜಿಗೇ ಕೊಟ್ಟಳು. ಊರವರು ಮತ್ತೆ ಬಿದಿರು ತಂದರು, ಮೊಣಕಾಲುದ್ದದ ನೀರು ದಾಟಿಸಿ ಹೊಸ ನೆಲದ ಪಕ್ಕಕ್ಕೆ ಮನೆಯನ್ನು ನಡೆಸಿಕೊಂಡು ಹೋದರು. ಅಜ್ಜಿ ಅಲ್ಲಿ ಮೊದಲ ಸಸಿ ಊರಿದಳು.

ಅದಕ್ಕೇ ನೋಡು, ಇವತ್ತಿಗೂ ಯಾವ ಸೇತುವೆಯ ಮೇಲೆ ನಿಂತು ಬಗ್ಗಿದರೂ ನದಿ ಅಂಕುಡೊಂಕಾಗಿಯೇ ಕಾಣುತ್ತಾಳೆ. ತಿರುವಿನ ಒಂದು ದಡವನ್ನು ಕೊರೆಯುತ್ತಾ, ಇನ್ನೊಂದು ದಡದಲ್ಲಿ ಆ ಮೆತ್ತನೆಯ ಮಣ್ಣನ್ನು ಇಳಿಸುತ್ತಾ, ಇಸಿದುಕೊಂಡದ್ದನ್ನು ತೀರಿಸುತ್ತಾ ಹೋಗುತ್ತಿರುತ್ತಾಳೆ.